‘ಸೇವಿಂಗ್ ಥ್ರೋ’, ‘ಲೆವೆಲ್’, ‘ಹಿಟ್ ಪಾಯಿಂಟ್’: ಫ್ಲೆಕ್ಸ್‌ಗೆ ಕನ್ನಡ ಪದ ಬೇಕು, ನಾಳೆ ಸಂಜೆಯೊಳಗೆ

ಹಾಸನದಿಂದ:

ಗೆಳೆಯರೇ, ತುರ್ತು. ಬಿ.ಎಂ. ರಸ್ತೆಯ ಒಂದು ಗೇಮಿಂಗ್ ಅಂಗಡಿಯ ಗೋಡೆಗೆ ‘ಬಾಲ್ಡರ್ಸ್ ಗೇಟ್ 3 ಆಡುವ ಬಗೆ’ ಅಂತ ಫ್ಲೆಕ್ಸ್ ಆಗಬೇಕು. ಕಾಳಗವೆಲ್ಲ ದಾಳದ ಲೆಕ್ಕದಲ್ಲಿ ನಡೆಯುವ ಕಂಪ್ಯೂಟರ್ ಆಟ ಅದು. ಅಗಲ 6 ಅಡಿ, ಎತ್ತರ 4 ಅಡಿ. ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತದೆ. ಬರುವವರು ಹೆಚ್ಚಾಗಿ ಪಿಯುಸಿ, ಡಿಪ್ಲೊಮಾ ಹುಡುಗರು. ತೆರೆಯ ಮೇಲಿನ ಇಂಗ್ಲಿಷ್ ಓದಿಕೊಳ್ಳುತ್ತಾರೆ, ಅದರ ಹಿಂದಿನ ನಿಯಮ ಹಿಡಿತಕ್ಕೆ ಸಿಗುವುದಿಲ್ಲ.

ಆರು ಗುಣಗಳಿಗೆ ಬಲ, ಚಳಕ, ದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಹಾಕಿದ್ದೇನೆ. ಇವು ತೀರ್ಮಾನವಾಗಿವೆ, ದಯವಿಟ್ಟು ಮತ್ತೆ ಕೆದಕಬೇಡಿ. ಬೇಕಿರುವುದು ಮೂರು: ‘ಸೇವಿಂಗ್ ಥ್ರೋ’ (ಮಂತ್ರದಂಥದ್ದರಿಂದ ತಪ್ಪಿಸಿಕೊಳ್ಳಲು ಎಸೆಯುವ ದಾಳ), ‘ಹಿಟ್ ಪಾಯಿಂಟ್’ (ಎಷ್ಟು ಪೆಟ್ಟು ತಾಳಬಹುದು ಎಂಬ ಅಂಕ), ‘ಲೆವೆಲ್’ (ಪಾತ್ರದ ಅಥವಾ ಮಂತ್ರದ ಮಟ್ಟ). ಮೊದಲನೆಯದರದ್ದೇ ದೊಡ್ಡ ತೊಡಕು. ‘ಸೇವ್’ ಎಂದ ಕೂಡಲೇ ಹುಡುಗರು ಎಫ್5 ಒತ್ತಿ ಆಟ ಉಳಿಸುವುದು ಅಂದುಕೊಳ್ಳುತ್ತಾರೆ. ‘ರಕ್ಷಣಾ ಎಸೆತ’ ಅಂತ ಬರೆದರೆ ಕ್ರಿಕೆಟ್ ಆಗುತ್ತದೆ.

ಕಡೂರಿನಿಂದ:

ಮೂರನ್ನೂ ಕನ್ನಡ ಲಿಪಿಯಲ್ಲಿ ಹಾಗೇ ಬರೆಯಿರಿ. ತೆರೆಯ ಮೇಲೆ ಕಾಣುವುದು ಆ ಪದಗಳೇ. ಗೋಡೆಯ ಪದ ಒಂದು, ತೆರೆಯ ಪದ ಇನ್ನೊಂದು ಆದರೆ ಫ್ಲೆಕ್ಸ್ ಹಾಕಿಸಿ ಏನು ಬಂತು?

ಬೇಲೂರಿನಿಂದ:

ಕೆದಕಬೇಡಿ ಎಂದರೆ ಹೇಗೆ? ಆರು ಗುಣಗಳಲ್ಲಿ ಅಚ್ಚಗನ್ನಡದ್ದು ‘ಚಳಕ’ ಒಂದೇ. ‘ಬಲ’ವನ್ನು ಬಿಟ್ಟುಕೊಡಬಹುದು, ಬಲ್ಮೆ, ಬಲ್ಲಿದ ಇರುವ ನುಡಿಗೆ ಅದು ಹೊರಗಿನದಲ್ಲ ಎನ್ನುವವರಿದ್ದಾರೆ. ಉಳಿದವನ್ನು ಗಟ್ಟಿತನ, ತಿಳಿವು, ಅರಿವು, ಸೆಳೆತ ಎಂದು ಮಾಡಿ. ಮಹಾಪ್ರಾಣ ತಾನಾಗಿ ಹೋಗುತ್ತದೆ, ಫ್ಲೆಕ್ಸಿನಲ್ಲಿ ಜಾಗವೂ ಉಳಿಯುತ್ತದೆ.

ಸ್ಪೆಲ್‌ಗೆ ಮಂತ್ರ ಬೇಡ, ‘ಮಾಟ’ ಇದೆ. ಆಡು ಆಟ, ಓಡು ಓಟ, ನೋಡು ನೋಟ, ಮಾಡು ಮಾಟ. ಮಾಡಿದ್ದು ಮಾಟ, ಇಷ್ಟು ನೇರವಾದ ಪದ ಇನ್ನೆಲ್ಲಿ ಸಿಗುತ್ತದೆ? ಕ್ವೆಸ್ಟ್‌ಗೆ ‘ಬೆಸ’: ಒಪ್ಪಿಸಿದ ಕೆಲಸ, ಅಪ್ಪಣೆ. ಬೆಸಸು ಎಂಬ ಕ್ರಿಯೆಯೂ ಜೊತೆಗೆ ಬರುತ್ತದೆ. ದಾಳಕ್ಕೆ ‘ಹಾಸಂಗಿ’. ಸೇವಿಂಗ್ ಥ್ರೋಗೆ ‘ಕಾಪುಗರ’: ಕಾಪು ಅಂದರೆ ಕಾಯುವುದು, ಗರ ಅಂದರೆ ದಾಳದ ಎಸೆತ.

ಅರಸೀಕೆರೆಯಿಂದ:

ವ್ಯುತ್ಪತ್ತಿ ಆಮೇಲೆ ನೋಡೋಣ. ದಾಳ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಪದ ಅದನ್ನು ಹೇಳದಿದ್ದರೆ ಎಷ್ಟು ಅಚ್ಚಗನ್ನಡವಾದರೂ ಓದುವ ಹುಡುಗನಿಗೆ ಪ್ರಯೋಜನವಿಲ್ಲ.

ಕತ್ತಿ ಬೀಸಿದಾಗ ದಾಳ ಎಸೆಯುವವನು ಹೊಡೆಯುವವನು. 20 ಮುಖದ ದಾಳದಲ್ಲಿ ಬಿದ್ದದ್ದಕ್ಕೆ ಗುಣದ ಕೂಡಿಕೆ, ಅನುಭವದ ಕೂಡಿಕೆ (ಪ್ರೊಫಿಷಿಯೆನ್ಸಿ ಬೋನಸ್) ಎರಡನ್ನೂ ಸೇರಿಸಿ, ಎದುರಾಳಿಯ ಆರ್ಮರ್ ಕ್ಲಾಸ್ (ರಕ್ಷಣೆಯ ಅಂಕ) ಮುಟ್ಟಿದರೆ ಪೆಟ್ಟು ತಗುಲುತ್ತದೆ. ಸಮ ಬಂದರೂ ತಗುಲುತ್ತದೆ. ಸೇವಿಂಗ್ ಥ್ರೋನಲ್ಲಿ ಇದು ತಿರುವುಮುರುವು. ಮಂತ್ರ ಹಾಕುವವನು ದಾಳ ಮುಟ್ಟುವುದೇ ಇಲ್ಲ, ಮಂತ್ರಕ್ಕೆ ಸಿಕ್ಕಿಬಿದ್ದವನು ಎಸೆಯುತ್ತಾನೆ. ಅವನು ಮುಟ್ಟಬೇಕಾದ ಸಂಖ್ಯೆ ಮಂತ್ರ ಹಾಕಿದವನದು: 8, ಅನುಭವದ ಕೂಡಿಕೆ, ಮಂತ್ರದ ಗುಣದ ಕೂಡಿಕೆ, ಮೂರರ ಮೊತ್ತ. ಗುಣದ ಕೂಡಿಕೆ ತೆಗೆಯುವುದು ಹೀಗೆ: ಅಂಕದಲ್ಲಿ 10 ಕಳೆದು ಅರ್ಧ ಮಾಡಿ, ಭಿನ್ನ ಉಳಿದರೆ ಕೆಳಕ್ಕೆ ಇಳಿಸಿ. 16 ಇದ್ದರೂ 17 ಇದ್ದರೂ ಕೂಡಿಕೆ 3. ಅನುಭವದ ಕೂಡಿಕೆ 1ರಿಂದ 4ನೇ ಲೆವೆಲ್‌ವರೆಗೆ 2, 5ರಿಂದ 8ರವರೆಗೆ 3, 9ರಿಂದ 12ರವರೆಗೆ 4. ಈ ಆಟದಲ್ಲಿ 12ಕ್ಕೆ ಲೆವೆಲ್ ಮುಗಿಯುತ್ತದೆ.

ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ತೆಗೆದುಕೊಳ್ಳಿ. ಇದರಿಂದ ತಪ್ಪಿಸಿಕೊಳ್ಳಲು ಲೆಕ್ಕಕ್ಕೆ ಬರುವುದು ಚಳಕ. 5ನೇ ಲೆವೆಲ್‌ನ ವಿಜರ್ಡ್ (ಮಂತ್ರ ಹಾಕುವ ಪಾತ್ರ), ಅವನ ಮಂತ್ರದ ಗುಣವಾದ ಬುದ್ಧಿ 18. 8ಕ್ಕೆ 3, ಮತ್ತೆ 4, ಒಟ್ಟು 15. ಬೆಂಕಿ ಬಿದ್ದ ಸುತ್ತಿನೊಳಗೆ ನಮ್ಮದೇ ಗುಂಪಿನ ಫೈಟರ್ ನಿಂತಿದ್ದಾನೆ, ಅವನ ಚಳಕ 12, ಕೂಡಿಕೆ 1. ಅವನ ದಾಳದಲ್ಲಿ 14 ಅಥವಾ ಹೆಚ್ಚು ಬೀಳಬೇಕು. 20 ಮುಖಗಳಲ್ಲಿ 7 ಮುಖ ಅಷ್ಟೇ ಅವನ ಪರ. ಬೆಂಕಿಯ ಪೆಟ್ಟು ಆರು ಮುಖದ 8 ದಾಳಗಳ ಮೊತ್ತ. ಕನಿಷ್ಠ 8, ಗರಿಷ್ಠ 48, ಸರಾಸರಿ 28. ಅವನು 15 ಮುಟ್ಟಿದರೆ ಪೆಟ್ಟು ಅರ್ಧ, ಮುಟ್ಟದಿದ್ದರೆ ಪೂರ್ತಿ. ಬೆಂಕಿಗೆ ನಮ್ಮವರು ತಮ್ಮವರು ಅಂತಿಲ್ಲ. ಹೊಸಬರ ಗುಂಪು ಶತ್ರುವಿಗಿಂತ ಹೆಚ್ಚಾಗಿ ಸಾಯುವುದು ಇಲ್ಲೇ. ಆದ್ದರಿಂದ ಮೊದಲ ಸರದಿಯಲ್ಲಿ ಫೈಟರ್ ಮುನ್ನುಗ್ಗುವ ಮುಂಚೆ ಬೆಂಕಿ ಹಾಕಿಬಿಡಬೇಕು ಎಂಬ ಸಾಲು ಫ್ಲೆಕ್ಸ್ ಮೇಲೆ ಇರಲೇಬೇಕು.

‘ಕಾಪುಗರ’ ಎಂದರೆ ಯಾರು ಯಾರನ್ನು ಕಾಯುತ್ತಾರೆ ಎಂಬುದು ಗೊತ್ತಾಗುವುದಿಲ್ಲ. ‘ತಡೆಗರ’ ಎಂದರೆ ಪೂರ್ತಿ ತಡೆದಂತೆ ಕೇಳಿಸುತ್ತದೆ, ಇಲ್ಲಿ ಅರ್ಧ ಪೆಟ್ಟು ಉಳಿದೇ ಉಳಿಯುತ್ತದೆ. ನನ್ನ ಆಯ್ಕೆ ‘ಪಾರುಗರ’. ಸಿಕ್ಕಿಬಿದ್ದವನೇ ಪಾರಾಗುವುದು, ಹಾಗಾಗಿ ದಾಳ ಅವನದು. ಮುಟ್ಟಬೇಕಾದ ಸಂಖ್ಯೆಗೆ ‘ಗೆರೆ’ ಎನ್ನಿ: “ಗೆರೆ 15. ಗೆರೆ ಮುಟ್ಟಿದರೆ ಪಾರು.” ಮೊದಲ ಸಲ ಬರೆಯುವಾಗ ಮಾತ್ರ ‘ಪಾರುಗರ, ಅಂದರೆ ತೆರೆಯ ಮೇಲಿನ ಸೇವಿಂಗ್ ಥ್ರೋ’ ಎಂದು ಹಾಕಿದರೆ ಕಡೂರಿನವರ ಆಕ್ಷೇಪವೂ ತೀರುತ್ತದೆ.

ಮೂಡಿಗೆರೆಯಿಂದ:

‘ಮಾಟ’ ಬೇಡ. ಸಾರ್ವಜನಿಕ ಗೋಡೆಯ ಮೇಲೆ ‘ದಿನಕ್ಕೆ ಎಷ್ಟು ಮಾಟ ಮಾಡಬಹುದು’ ಎಂದು ಬರೆಸಿದರೆ ಮಕ್ಕಳ ತಾಯಂದಿರು ಅಂಗಡಿ ಮುಚ್ಚಿಸುತ್ತಾರೆ. ಧಾತು ಏನೇ ಇರಲಿ, ಮಲೆನಾಡಿನಲ್ಲಿ ಆ ಪದಕ್ಕೆ ಒಂದೇ ಅರ್ಥ.

‘ಬೆಸ’ವೂ ಬೇಡ. ದಾಳದ ಲೆಕ್ಕ ಇರುವ ಫಲಕದಲ್ಲಿ ಬೆಸ ಕಂಡರೆ ಓದುಗ ಸರಿ-ಬೆಸ ಎಂದೇ ಓದುತ್ತಾನೆ. ‘ಮೊದಲ ಬೆಸ ಮುಗಿಸಿ’ ಎಂದರೆ 1 ಬೀಳಬೇಕು ಅಂದುಕೊಳ್ಳುತ್ತಾನೆ.

‘ಗರ’ ಒಪ್ಪಿಗೆ. ಆದರೆ ಒಂದು ಸಾಲು ಸೇರಿಸಿ. ಚೌಕಾಬಾರದಲ್ಲಿ ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ 8 ಎಣಿಕೆಯ ಬಾರ, ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಇಲ್ಲಿ 20 ಬಿದ್ದರೆ ಹೊಡೆತ ತಪ್ಪುವುದಿಲ್ಲ, ಪೆಟ್ಟಿನ ದಾಳಗಳು ಇಮ್ಮಡಿ, ಅಷ್ಟೇ. ಮರು ಆಟ ಇಲ್ಲ. ಇಮ್ಮಡಿಯಾಗುವುದು ದಾಳ ಮಾತ್ರ, ಕೂಡಿಕೆ ಅಲ್ಲ.

ಬೇಲೂರಿನಿಂದ:

ನಮ್ಮಲ್ಲಿ ಇರುವ ಪದವನ್ನು ‘ತಾಯಂದಿರು ಏನಂತಾರೆ’ ಎಂದು ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ‘ಪಾರು’ ಕೂಡ ಸಂಸ್ಕೃತದ ‘ಪಾರ’. ಪರಭಾಷೆಯ ಪದ ತಂದಷ್ಟೂ ನಮ್ಮ ಧಾತುಗಳಿಂದ ಹೊಸ ಪದ ಹುಟ್ಟುವುದು ನಿಲ್ಲುತ್ತದೆ. ನನ್ನ ಆಕ್ಷೇಪ ಇದು, ಮಡಿವಂತಿಕೆಯಲ್ಲ.

ಸಕಲೇಶಪುರದಿಂದ:

ಬೇಲೂರು ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. ಕ್ರಿ.ಶ. 450ರ ಸುಮಾರಿನದೆಂದು ಸಾಮಾನ್ಯವಾಗಿ ಒಪ್ಪಿರುವ ಆ ಕನ್ನಡ ಶಾಸನ ಸಂಸ್ಕೃತ ಶ್ಲೋಕದಿಂದ ಶುರುವಾಗುತ್ತದೆ, ಕನ್ನಡ ಭಾಗದಲ್ಲೂ ಸಂಸ್ಕೃತ ಸಮಾಸಗಳು ತುಂಬಿವೆ. ಅಲ್ಲಿಂದ ಇಲ್ಲಿಯವರೆಗೆ ಧಾತುಗಳೇನೂ ಬತ್ತಿಲ್ಲ. ನೀವು ವಿಳಾಸ ಬರೆಯುವ ‘ತಾಲ್ಲೂಕು’, ‘ಜಿಲ್ಲೆ’ ಎರಡೂ ಅರಬ್ಬಿ ಮೂಲದವು. ‘ಕವಡೆ’ಯ ಮೂಲ ಸಂಸ್ಕೃತದ ಕಪರ್ದ. ಕೊಡು-ಕೊಳ್ಳುವುದು ಒಂದೇ ದಿಕ್ಕಿನದೂ ಅಲ್ಲ: ಇಂಗ್ಲಿಷ್ ಆಟಗಳು ‘ಅವತಾರ’ವನ್ನು ನಮ್ಮ ಕಡೆಯಿಂದ ಒಯ್ದವು. 1985ರ ಅಲ್ಟಿಮಾ 4ರಲ್ಲಿ ಎಂಟು ಸದ್ಗುಣಗಳನ್ನು ಸಾಧಿಸಿ ‘ಅವತಾರ್’ ಆಗುವುದೇ ಆಟದ ಗುರಿ.

‘ಹಾಸಂಗಿ’ ಪಗಡೆಗೆ ಸರಿ. ಪಗಡೆಯದು ಉದ್ದನೆಯ, ನಾಲ್ಕು ಮುಖದ ದಾಳ. 20 ಮುಖದ್ದಕ್ಕೆ ಆ ಹೆಸರು ಕೂರುವುದಿಲ್ಲ. ‘ದಾಳ’ವೇ ಇರಲಿ.

ಕೆಲಸದ ಮಾತು ಒಂದು. ಈ ಆಟದ ತಳದಲ್ಲಿರುವ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನಾಟದ 5ನೇ ಆವೃತ್ತಿಯ ನಿಯಮಗಳ ಮೂಲಪಾಠ, ಎಸ್‌ಆರ್‌ಡಿ 5.1, ಜನವರಿ 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಅನುವಾದಿಸಬಹುದು, ಮಾರಲೂಬಹುದು, ಆದರೆ ಅದರ ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ಹೆಸರು ಮತ್ತು ಪರವಾನಗಿಯ ಹೆಸರು ಕೆಳಗೆ ಬರಬೇಕು. ಕಂಪ್ಯೂಟರ್ ಆಟದ ಚಿತ್ರ, ಲೋಗೊ ಈ ಪರವಾನಗಿಯಲ್ಲಿ ಸೇರಿಲ್ಲ. ಫ್ಲೆಕ್ಸಿಗೆ ನೆಟ್‌ನಿಂದ ಚಿತ್ರ ಎತ್ತಿ ಹಾಕಬೇಡಿ.

ಹಾಸನದಿಂದ:

‘ಪಾರುಗರ’, ‘ಗೆರೆ’ ತೆಗೆದುಕೊಂಡೆ. ‘ಮಂತ್ರ’, ‘ದಾಳ’ ಇರುತ್ತವೆ. ಗುಣಗಳ ಹೆಸರು ಬದಲಿಸುವುದಿಲ್ಲ. ಹಿಟ್ ಪಾಯಿಂಟ್ ಮತ್ತು ಲೆವೆಲ್ ಇನ್ನೂ ಬಾಕಿ. ಸದ್ಯ ‘ಆರೋಗ್ಯಾಂಕ’ ಎಂದು ಹಾಕಿದ್ದೇನೆ.

ಅರಸೀಕೆರೆಯಿಂದ:

‘ಆರೋಗ್ಯಾಂಕ’ ತೆಗೆಯಿರಿ. ಅದು ಆಸ್ಪತ್ರೆಯ ಚೀಟಿ. 40ರಲ್ಲಿ 1 ಉಳಿದಿರುವ ಫೈಟರ್ 40 ಇದ್ದಾಗ ಹೊಡೆದಷ್ಟೇ ಗಟ್ಟಿಯಾಗಿ ಹೊಡೆಯುತ್ತಾನೆ. ಅಂಕ ಕಡಿಮೆಯಾದಂತೆ ಕೈಕಾಲು ಸೋಲುವುದಿಲ್ಲ. 0 ಆದ ಕ್ಷಣ ಮಾತ್ರ ನೆಲಕ್ಕೆ. ಅಲ್ಲಿಂದ ತನ್ನ ಸರದಿ ಬಂದಾಗೆಲ್ಲ ಒಂದು ದಾಳ: 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು. ಮೂರು ಗೆಲುವಾದರೆ ಸಾವಿನ ದಾಳ ನಿಲ್ಲುತ್ತದೆ, ಮೂರು ಸೋಲಾದರೆ ಸಾವು. ಬಿದ್ದವನ ಪಕ್ಕಕ್ಕೆ ಹೋಗಿ ‘ಹೆಲ್ಪ್’ ಒತ್ತಿದರೆ 1 ಅಂಕದೊಂದಿಗೆ ಏಳುತ್ತಾನೆ. ಮದ್ದಿನ ಶೀಶೆಯನ್ನು ಅವನ ಮೇಲೆ ಎಸೆದರೂ ಏಳುತ್ತಾನೆ. ‘ತ್ರಾಣ’ ಎನ್ನಿ. ‘ತ್ರಾಣ ಇರೋವರೆಗೂ’ ಎಂದು ಎಲ್ಲರೂ ಆಡುವ ಮಾತು, ತ್ರಾಣ ಮುಗಿದರೆ ಬೀಳುವುದು. ‘ದಾರ್ಢ್ಯ’ದ ಕೂಡಿಕೆ ಪ್ರತಿ ಲೆವೆಲ್‌ಗೂ ತ್ರಾಣಕ್ಕೆ ಸೇರುತ್ತದೆ, ಆದ್ದರಿಂದ ಈ ಎರಡು ಪದ ಬೇರೆ ಬೇರೆಯಾಗಿಯೇ ಇರಬೇಕು.

ಮಂತ್ರ ಹಿಡಿದಿಟ್ಟುಕೊಂಡಿರುವವನಿಗೆ (ತೆರೆಯ ಮೇಲಿನ ಕಾನ್ಸಂಟ್ರೇಶನ್) ಪೆಟ್ಟು ಬಿದ್ದರೆ ಎಸೆಯುವ ಪಾರುಗರವೂ ದಾರ್ಢ್ಯದ್ದೇ. ಗೆರೆ 10, ಇಲ್ಲವೇ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದು. 24 ಪೆಟ್ಟು ಬಿದ್ದರೆ ಗೆರೆ 12. ಮುಟ್ಟದಿದ್ದರೆ ಮಂತ್ರ ಕಳಚುತ್ತದೆ. ಇಂಥ ಮಂತ್ರ ಒಮ್ಮೆಗೆ ಒಂದೇ. ಎರಡನೆಯದು ಹಾಕಿದ ಕೂಡಲೇ ಮೊದಲನೆಯದು ಹೋಗುತ್ತದೆ, ಹುಡುಗರು ಆಟ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಲೆವೆಲ್‌ಗೆ ಒಂದೇ ಪದ ಸಾಲದು, ಎರಡು ಬೇಕು. ಇಂಗ್ಲಿಷಿನಲ್ಲಿ ಪಾತ್ರಕ್ಕೂ ಮಂತ್ರಕ್ಕೂ ಅದೇ ಪದ, ಆ ಗೊಂದಲವನ್ನು ನಾವೇಕೆ ಹೊರಬೇಕು? 3ನೇ ಲೆವೆಲ್‌ಗೆ ಬಂದವನು 3ನೇ ಲೆವೆಲ್‌ನ ಫೈರ್‌ಬಾಲ್ ಹುಡುಕುತ್ತಾನೆ, ಸಿಗುವುದಿಲ್ಲ, ಏಕೆಂದರೆ ಅದು ವಿಜರ್ಡ್‌ಗೆ ದಕ್ಕುವುದು 5ರಲ್ಲಿ. ಪಾತ್ರಕ್ಕೆ ‘ಹಂತ’, ಮಂತ್ರಕ್ಕೆ ‘ದರ್ಜೆ’. ಆಗ ಸಾಲು ಸ್ಪಷ್ಟ: 1ನೇ ಹಂತದಲ್ಲಿ 1ನೇ ದರ್ಜೆ, 3ರಲ್ಲಿ 2, 5ರಲ್ಲಿ 3, 7ರಲ್ಲಿ 4, 9ರಲ್ಲಿ 5, 11ರಲ್ಲಿ 6.

ಸ್ಪೆಲ್ ಸ್ಲಾಟ್ (ಮಂತ್ರ ಹಾಕಿದಾಗ ಖರ್ಚಾಗುವ ಅವಕಾಶ) ಕೇಳಿಲ್ಲ, ಆದರೂ ಬೇಕಾಗುತ್ತದೆ. ‘ಗೂಡು’. 5ನೇ ಹಂತದ ವಿಜರ್ಡ್‌ಗೆ 1ನೇ ದರ್ಜೆಯ ಗೂಡು 4, 2ನೆಯದು 3, 3ನೆಯದು 2. ಸಣ್ಣ ದರ್ಜೆಯ ಮಂತ್ರವನ್ನು ದೊಡ್ಡ ಗೂಡಿನಿಂದ ಹಾಕಬಹುದು, ದೊಡ್ಡದನ್ನು ಸಣ್ಣ ಗೂಡಿನಿಂದ ಆಗದು. ಕ್ಯಾಂಟ್ರಿಪ್‌ಗೆ ಗೂಡೇ ಬೇಡ, ಎಷ್ಟು ಸಲವಾದರೂ ಹಾಕಬಹುದು, ‘ಕಿರುಮಂತ್ರ’ ಎನ್ನಿ.

ಬೇಲೂರಿನಿಂದ:

‘ಗೂಡು’ ಚೆನ್ನಾಗಿದೆ. ‘ದರ್ಜೆ’ ಅರಬ್ಬಿ. ‘ಮೆಟ್ಟಿಲು’ ಏಕಾಗದು?

ಅರಸೀಕೆರೆಯಿಂದ:

ಮೆಟ್ಟಿಲು, ಹಂತ ಎರಡೂ ಒಂದೇ ಅರ್ಥಕ್ಕೆ ಬಂದು ನಿಲ್ಲುತ್ತವೆ. ಮತ್ತೆ ಅದೇ ಗೊಂದಲ. ‘ದರ್ಜೆ’ ಸರ್ಕಾರಿ ಕಚೇರಿಯಿಂದ ರೈಲ್ವೆ ಟಿಕೆಟ್‌ವರೆಗೆ ಎಲ್ಲರಿಗೂ ಗೊತ್ತು.

ಮೂಡಿಗೆರೆಯಿಂದ:

ವಿರಾಮದ ಪದಗಳನ್ನೂ ಬೇರೆ ಬೇರೆ ಮಾಡಿ. ಶಾರ್ಟ್ ರೆಸ್ಟ್ ‘ದಣಿವಾರಿಕೆ’, ಲಾಂಗ್ ರೆಸ್ಟ್ ‘ಬಿಡಾರ’. ದಣಿವಾರಿಕೆಯಲ್ಲಿ ಗರಿಷ್ಠ ತ್ರಾಣದ ಅರ್ಧದಷ್ಟು ಮರಳುತ್ತದೆ, ಎರಡು ಬಿಡಾರಗಳ ನಡುವೆ ಇದು ಎರಡು ಸಲ. ಮಂತ್ರ ಹಾಕುವ ಇನ್ನೊಂದು ಬಗೆಯ ಪಾತ್ರವಾದ ವಾರ್ಲಾಕ್‌ಗೆ ಅಷ್ಟರಲ್ಲೇ ಗೂಡುಗಳೂ ತುಂಬುತ್ತವೆ, ವಿಜರ್ಡ್‌ಗೆ ಪೂರ್ತಿ ತುಂಬಲು ಬಿಡಾರವೇ ಬೇಕು. ಬಿಡಾರಕ್ಕೆ ಸಾಮಾನ್ಯ ಮಟ್ಟದಲ್ಲಿ 40 ಬುತ್ತಿ (ಕ್ಯಾಂಪ್ ಸಪ್ಲೈ), ಹೆಚ್ಚು ಕಠಿಣವಾದ ಟ್ಯಾಕ್ಟಿಶಿಯನ್ ಮಟ್ಟದಲ್ಲಿ 80. ಬುತ್ತಿ ಇಲ್ಲದೆ ಮಲಗಿದರೆ ತ್ರಾಣವೂ ಗೂಡೂ ಅರ್ಧ ಮಾತ್ರ ತುಂಬುತ್ತವೆ. ಪೆಟ್ಟಿಗೆ, ಪೀಪಾಯಿ ಕಂಡಲ್ಲೆಲ್ಲ ತಿನ್ನುವ ಪದಾರ್ಥ ಎತ್ತಿ ಬಿಡಾರಕ್ಕೆ ಕಳಿಸಿ, ಹೊತ್ತು ತಿರುಗಬೇಡಿ. ಭಾರ ಮೀರಿದರೆ ನಡಿಗೆ, ಜಿಗಿತ ಎರಡೂ ಕುಗ್ಗುತ್ತವೆ.

ಮತ್ತೆ ಎಫ್5 ಉಳಿಸಲು, ಎಫ್8 ಉಳಿಸಿದಲ್ಲಿಗೆ ಮರಳಲು. ಇವನ್ನು ದಪ್ಪಕ್ಷರದಲ್ಲಿ ಹಾಕಿ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಯುಪಿಎಸ್ ಇಲ್ಲದ ಯಂತ್ರದಲ್ಲಿ ಪ್ರತಿ ಕಾಳಗಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೊಮ್ಮೆ ಒತ್ತಲೇಬೇಕು.

ಹಾಸನದಿಂದ:

ತ್ರಾಣ, ಹಂತ, ದರ್ಜೆ, ಗೂಡು, ದಣಿವಾರಿಕೆ, ಬಿಡಾರ ಎಲ್ಲ ಸೇರಿತು. ಫೈರ್‌ಬಾಲ್ ಲೆಕ್ಕಕ್ಕೆ ಬಲಗಡೆ ಪ್ರತ್ಯೇಕ ಚೌಕ ಕೊಟ್ಟಿದ್ದೇನೆ. ಪರವಾನಗಿಯ ಸಾಲು ಕೆಳಗಿದೆ. ಯುನಿಕೋಡ್ ಕಡತ ಕಳಿಸುತ್ತಿದ್ದೇನೆ.

ಕಡೂರಿನಿಂದ:

ಯುನಿಕೋಡ್ ಕಳಿಸಿ ಸುಮ್ಮನಿರಬೇಡಿ. ಫ್ಲೆಕ್ಸ್ ಅಂಗಡಿಯ ಸಾಫ್ಟ್‌ವೇರ್ ಹಳೆಯದಾದರೆ ನುಡಿ ಫಾಂಟಿಗೆ ಪರಿವರ್ತಿಸುತ್ತಾರೆ, ಆಗ ಮೊದಲು ಒಡೆಯುವುದು ಒತ್ತಕ್ಷರ. ‘ವರ್ಚಸ್ಸು’, ‘ದರ್ಜೆ’, ‘ದಾರ್ಢ್ಯ’ ಮೂರರಲ್ಲೂ ಅರ್ಕಾವತ್ತು ಇದೆ, ‘ದಾರ್ಢ್ಯ’ದಲ್ಲಿ ಅದರ ಜೊತೆಗೆ ಯಒತ್ತು ಬೇರೆ. ಪಿಡಿಎಫ್ ಮಾಡಿ, ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಡದ ಆಕಾರಗಳಿಗೆ) ಬದಲಿಸಿ ಕೊಡಿ. ಪ್ರಿಂಟ್ ಒತ್ತುವ ಮೊದಲು ಆ ಮೂರು ಪದಗಳನ್ನು ಅವರ ತೆರೆಯ ಮೇಲೇ ದೊಡ್ಡದು ಮಾಡಿ ನೋಡಿ.