ಬ್ಯಾಲೆಯ ಟೂಟೂ ಒಂದು ಚಿತ್ರದಲ್ಲಿ ಉದ್ದ, ಇನ್ನೊಂದರಲ್ಲಿ ಗಿಡ್ಡ ಏಕೆ?

ಪ್ರಶ್ನೆ: ಹೊಲಿಗೆಯಾಕೆ, ತುಮಕೂರು

ನಾನು ತುಮಕೂರಿನಲ್ಲಿ ಹದಿನೆಂಟು ವರ್ಷಗಳಿಂದ ಭರತನಾಟ್ಯದ ಉಡುಪುಗಳನ್ನು ಹೊಲಿಯುತ್ತಿದ್ದೇನೆ. ಮೊಣಕಾಲು ಮಡಚಿ ಅರೆಮಂಡಿಗೆ ಕುಳಿತಾಗ ಉಡುಪಿನ ಮುಂದಿನ ಬೀಸಣಿಗೆ ಸರಿಯಾಗಿ ಬಿಚ್ಚಿಕೊಳ್ಳಬೇಕಾದರೆ ನೆರಿಗೆ ಎಷ್ಟು ಹಿಡಿಯಬೇಕು ಎಂಬುದು ನನ್ನ ಕೈಗೇ ಗೊತ್ತಿದೆ. ಈ ಬಾರಿ ಒಂದು ಶಾಲೆಯವರು ವಾರ್ಷಿಕೋತ್ಸವದ ಹಂಸನೃತ್ಯಕ್ಕೆ ಎಂಟು ಮಕ್ಕಳಿಗೆ ಟೂಟೂ ಬೇಕೆಂದು ಎರಡು ಚಿತ್ರಗಳನ್ನು ಕಳುಹಿಸಿದ್ದಾರೆ. ಒಂದರಲ್ಲಿ ಲಂಗವು ಮೀನಖಂಡದವರೆಗೆ ಇಳಿದಿದೆ. ಇನ್ನೊಂದರಲ್ಲಿ ಸೊಂಟದಿಂದ ತಟ್ಟೆಯಂತೆ ಅಡ್ಡಲಾಗಿ ನಿಂತಿದೆ. ಎರಡಕ್ಕೂ ಒಂದೇ ಹೆಸರು ಹೇಗೆ ಬಂತು, ಇವುಗಳಲ್ಲಿ ಹಂಸಕ್ಕೆ ಯಾವುದು ಸರಿ ಎಂದು ತಿಳಿದವರು ಹೇಳಬೇಕು. ಮಾದರಿಗೆಂದು ಕ್ಯಾನ್‌ಕ್ಯಾನ್ ಎಂಬ ಬಿರುಸಾದ ನೆಟ್ಟನ್ನು ನಾಲ್ಕು ಪದರವಾಗಿ ಒಂದೇ ಅಳತೆಗೆ ಕತ್ತರಿಸಿ ಹೊಲಿದೆ. ಸಂಜೆಯ ಹೊತ್ತಿಗೆ ಅದು ಮಳೆಯಲ್ಲಿ ನೆನೆದ ಕೋಳಿಯಂತೆ ಜೋತುಬಿದ್ದಿತ್ತು.

ಉತ್ತರ: ನಿವೃತ್ತ ಅಧ್ಯಾಪಕ, ಚಿಕ್ಕಬಳ್ಳಾಪುರ

ಉದ್ದನೆಯದು ಹಳೆಯದು. 1832ರ ಮಾರ್ಚ್ 12ರಂದು ಪ್ಯಾರಿಸ್ ಒಪೆರಾದಲ್ಲಿ ‘ಲಾ ಸಿಲ್ಫೀಡ್’ ಎಂಬ ಬ್ಯಾಲೆ ಪ್ರದರ್ಶನಗೊಂಡಾಗ ಮಾರೀ ತಾಲ್ಯೋನಿ ಎಂಬ ನರ್ತಕಿ ಗಾಳಿಯಲ್ಲಿ ತೇಲುವ ಯಕ್ಷಿಣಿಯಾಗಿ ತೊಟ್ಟ ಬಿಳಿಯ, ಗಂಟೆಯಾಕಾರದ ತೆಳು ಲಂಗವೇ ಈ ಉಡುಪಿನ ಮೂಲ ಎನ್ನುತ್ತಾರೆ. ಆ ರಂಗಮಂದಿರಕ್ಕೆ 1822ರಲ್ಲೇ ಗ್ಯಾಸ್ ದೀಪ ಬಂದಿತ್ತು. ಬೆಳಕನ್ನು ತಗ್ಗಿಸಿ ಬೆಳದಿಂಗಳ ಭ್ರಮೆ ಹುಟ್ಟಿಸುವುದು ಸಾಧ್ಯವಾದಾಗ ಆ ಮಂದ ಬೆಳಕಿನಲ್ಲಿ ಬಿಳಿಯ ತೆಳುಬಟ್ಟೆ ಮಂಜಿನಂತೆ ಕಾಣುತ್ತಿತ್ತು. ಲಂಗದ ಅಂಚು ಕಣಕಾಲಿನಿಂದ ಮೇಲೇರಿದ್ದರಿಂದ, ಬೆರಳ ತುದಿಯ ಮೇಲೆ ನಿಂತ ಪಾದವೂ ಪ್ರೇಕ್ಷಕರ ಕಣ್ಣಿಗೆ ಬೀಳುತ್ತಿತ್ತು. ಅದಕ್ಕೆ ಸುಮಾರು ನೂರು ವರ್ಷ ಮೊದಲೇ ಮಾರೀ ಕಾಮಾರ್ಗೋ ಎಂಬಾಕೆ ತನ್ನ ಪಾದದ ಚುರುಕು ಎಲ್ಲರಿಗೂ ಕಾಣಲೆಂದು ಲಂಗವನ್ನು ಕೊಂಚ ಮೋಟು ಮಾಡಿಸಿಕೊಂಡು ಮಾತಿಗೆ ಗುರಿಯಾಗಿದ್ದಳು.

ತಟ್ಟೆಯಂಥದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಬೆಳವಣಿಗೆ. ಆ ಹೊತ್ತಿಗೆ ಇಟಲಿಯ ನರ್ತಕಿಯರ ಕಾಲಿನ ಕಸರತ್ತು ಬಹಳ ಮುಂದುವರಿದಿತ್ತು. ಒಂಟಿಕಾಲಿನಲ್ಲಿ ಮೂವತ್ತೆರಡು ಸುತ್ತು ತಿರುಗುತ್ತಿದ್ದ ಪಿಯೆರಿನಾ ಲೆನ್ಯಾನಿ 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ‘ಸ್ವಾನ್ ಲೇಕ್’ ಎಂಬ ಹಂಸಗಳ ಬ್ಯಾಲೆಯ ನಾಯಕಿಯಾದಳು. ಮೊಣಕಾಲು ಮುಚ್ಚಿದರೆ ಆ ಸುತ್ತಿನ ಕೆಲಸವೇ ಕಾಣದು. ಹೀಗಾಗಿ ಲಂಗ ಮೇಲೇರುತ್ತಾ ಹೋಗಿ, ಇಪ್ಪತ್ತನೆಯ ಶತಮಾನದಲ್ಲಿ ಪೂರ್ತಿ ಅಡ್ಡಲಾಯಿತು. ‘ಟೂಟೂ’ ಎಂಬ ಹೆಸರು ಬಳಕೆಗೆ ಬಂದದ್ದು ಕೂಡ ಹತ್ತೊಂಬತ್ತನೆಯ ಶತಮಾನದ ಕೊನೆಗೇ. ಫ್ರೆಂಚ್ ಮಕ್ಕಳ ಮಾತಿನಲ್ಲಿ ಅಂಡಿಗೆ ಇರುವ ಮುದ್ದಿನ ಹೆಸರೇ ತಿರುಚಿಕೊಂಡು ಹೀಗಾಯಿತು ಎನ್ನುತ್ತಾರೆ. ತಾಲ್ಯೋನಿಯ ಲಂಗಕ್ಕೂ ಅದೇ ಹೆಸರು ಅಂಟಿಕೊಂಡದ್ದು ಆಮೇಲೆ. (ಶಾಲೆಯವರಿಗೆ ಈ ಅರ್ಥವನ್ನು ನೀವು ವಿವರಿಸದಿದ್ದರೇ ಒಳ್ಳೆಯದು.)

ಹಂಸಕ್ಕೆ ಗಿಡ್ಡನೆಯದೇ ರೂಢಿ. ಆದರೆ ನಿಮ್ಮ ಮಕ್ಕಳು ಬೆರಳ ತುದಿಯ ಮೇಲೆ ನಿಲ್ಲುವವರಲ್ಲವಾದ್ದರಿಂದ ಉದ್ದನೆಯದೇ ಅವರಿಗೆ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ನೀವು ಹೊಲಿಯುವ ಬೀಸಣಿಗೆಯೂ ಇದೇ ಜಾತಿಯದು: ಅರೆಮಂಡಿ ಕಾಣಬೇಕೆಂದೇ ಅದು ಬಿಚ್ಚಿಕೊಳ್ಳುತ್ತದೆ. 1935ರಲ್ಲಿ ಅಡ್ಯಾರಿನಲ್ಲಿ ಭರತನಾಟ್ಯದ ರಂಗವೇರಿ, ಅದರ ಉಡುಪಿಗೆ ಹೊಸ ರೂಪ ಕೊಟ್ಟ ರುಕ್ಮಿಣಿದೇವಿ ಅರುಂಡೇಲ್ ಅವರು ಅದಕ್ಕೆ ಮೊದಲು ಕಲಿತದ್ದು ಬ್ಯಾಲೆಯನ್ನು, ಅದೂ ರಷ್ಯಾದ ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾ ಅವರ ತಂಡದ ಕಲಾವಿದೆಯೊಬ್ಬರಿಂದ.

ಉತ್ತರ: ಡ್ರೆಸ್ಸಿನ ಮನೆಯವನು, ಗುಬ್ಬಿ

ನಮ್ಮ ತಂದೆಯವರು ಊರ ಹಬ್ಬದ ಪೌರಾಣಿಕ ನಾಟಕಗಳಿಗೆ ಡ್ರೆಸ್ಸು, ಸೀನರಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಮೇಲಿನ ಉತ್ತರದಲ್ಲಿ ಗ್ಯಾಸ್ ದೀಪದ ಸೊಬಗು ಬಂದಿದೆ; ಅದರ ಇನ್ನೊಂದು ಮುಖವನ್ನೂ ಹೇಳಬೇಕು. 1862ರ ನವೆಂಬರ್‌ನಲ್ಲಿ ಎಮ್ಮಾ ಲಿವ್ರಿ ಎಂಬ ನರ್ತಕಿಯ ಲಂಗವು ಅದೇ ಪ್ಯಾರಿಸ್ ಒಪೆರಾದ ತಾಲೀಮಿನ ವೇಳೆ ಗ್ಯಾಸ್ ಜ್ವಾಲೆಗೆ ತಗುಲಿ ಹೊತ್ತಿಕೊಂಡಿತು. ಎಂಟು ತಿಂಗಳು ನರಳಿ ಅವಳು ತೀರಿಕೊಂಡಾಗ ವಯಸ್ಸು ಇಪ್ಪತ್ತು. ಬೆಂಕಿ ಹಿಡಿಯದಂತೆ ಬಟ್ಟೆಯನ್ನು ಪಟಿಕದ ದ್ರಾವಣದಲ್ಲಿ ಅದ್ದುವ ಕ್ರಮ ಆಗಲೇ ಇತ್ತು. ಹಾಗೆ ಅದ್ದಿದರೆ ಲಂಗ ಬಿರುಸಾಗಿ ಮಾಸಲಾಗುತ್ತದೆಂದು ಅವಳು ಒಪ್ಪಿರಲಿಲ್ಲ.

ಪೆಟ್ರೋಮ್ಯಾಕ್ಸ್ ಕಾಲದಲ್ಲಿ ನಮ್ಮ ಮನೆಯ ದುರ್ಯೋಧನನ ಮಕಮಲ್ಲಿನ ನಿಲುವಂಗಿಯ ಅಂಚು ಒಮ್ಮೆ ಕಮರಿದೆ. ಆ ಸುಟ್ಟ ತುದಿಗೆ ತಂದೆಯವರು ಜರಿಪಟ್ಟಿ ಹೊಲಿದು ಮತ್ತೆ ಹತ್ತು ವರ್ಷ ಬಾಡಿಗೆಗೆ ಬಿಟ್ಟರು. ನೈಲಾನ್ ನೆಟ್ಟು ಹಾಗೆ ಕಮರಿ ನಿಲ್ಲುವುದಿಲ್ಲ, ಕರಗಿ ಚರ್ಮಕ್ಕೆ ಅಂಟುತ್ತದೆ. ವಾರ್ಷಿಕೋತ್ಸವಗಳಲ್ಲಿ ಉದ್ಘಾಟನೆಯ ದೀಪದ ಕಂಬವನ್ನು ವೇದಿಕೆಯ ಅಂಚಿನಲ್ಲೇ ಉರಿಯಬಿಟ್ಟು ಕಾರ್ಯಕ್ರಮ ನಡೆಸುತ್ತಾರೆ. ಮಕ್ಕಳು ರಂಗಕ್ಕೆ ಬರುವ ಮುನ್ನ ಅದನ್ನು ಒಳಗೆ ಸಾಗಿಸುವಂತೆ ದಯವಿಟ್ಟು ಹೇಳಿ.

ಉತ್ತರ: ಸೂಜಿದಾರ, ಕೋಲಾರ

ಜೋತುಬೀಳಲು ಕಾರಣ ನೆಟ್ಟಲ್ಲ, ಅಳತೆ. ಪದರಗಳು ಒಂದೇ ಉದ್ದವಿದ್ದರೆ ಒಂದಕ್ಕೊಂದು ಆಸರೆಯಾಗುವುದಿಲ್ಲ. ಸೊಂಟಪಟ್ಟಿಗೆ ಹೊಲಿಯುವ ಬದಲು ಒಳಚಡ್ಡಿಯ ಮೇಲೆಯೇ ಸಾಲುಸಾಲಾಗಿ ಹೊಲಿಯಬೇಕು: ತೊಡೆಯ ಬಳಿಯ ಕೆಳಸಾಲು ಎರಡು ಬೆರಳಿನಷ್ಟು ಗಿಡ್ಡ, ಅದರ ಮೇಲಿನದು ಇನ್ನಷ್ಟು ಉದ್ದ, ಎಲ್ಲಕ್ಕೂ ಮೇಲಿನದು ಅತ್ಯಂತ ಅಗಲ. ದೊಡ್ಡವರ ಟೂಟೂಗೆ ಹತ್ತು ಹನ್ನೆರಡು ಸಾಲು ಹಾಕುತ್ತಾರೆ. ಮಕ್ಕಳಿಗೆ ಆರು ಸಾಕು. ನಡುವಿನ ಸಾಲಿನಲ್ಲಿ ತೆಳು ಉಕ್ಕಿನ ತಂತಿಯ ಬಳೆ ಸೇರಿಸಿದರೆ ತಟ್ಟೆಯಂತೆ ನಿಲ್ಲುತ್ತದೆ. ಆದರೆ ಗುಂಪಿನಲ್ಲಿ ಒಬ್ಬರಿಗೊಬ್ಬರು ತಗುಲಿದರೆ ಬಳೆಯ ಲಂಗ ಎದ್ದು ಓರೆಯಾಗುತ್ತದೆ. ಬ್ಯಾಲೆ ಸಂಯೋಜಕ ಬಾಲಂಚಿನ್ ಅವರ ನೃತ್ಯಗಳಿಗೆ ಉಡುಪು ವಿನ್ಯಾಸಕಿ ಬಾರ್ಬರಾ ಕರಿನ್ಸ್ಕಾ 1950ರಲ್ಲಿ ಬಳೆಯೇ ಇಲ್ಲದ, ಮೆತ್ತನೆಯ ಟೂಟೂ ಹೊಲಿದುಕೊಟ್ಟರು. ನಿಮ್ಮ ಎಂಟು ಹಂಸಗಳಿಗೂ ಬಳೆ ಬೇಡ.

ಪದರಗಳ ನಡುವೆ ಅಲ್ಲಲ್ಲಿ ಸಡಿಲವಾಗಿ ಕೈಹೊಲಿಗೆ ಹಾಕಿ. ಬಿಗಿದರೆ ಲಂಗ ಮೇಲಕ್ಕೆ ಬಟ್ಟಲಿನಂತೆ ಮಡಚಿಕೊಳ್ಳುತ್ತದೆ. ಬೆನ್ನಿಗೆ ಜಿಪ್ಪಿನ ಬದಲು ಹುಕ್ಕುಗಳನ್ನು ಎರಡು ಸಾಲು ಇಡಿ, ಮುಂದಿನ ವರ್ಷ ಬೇರೆ ಮಗುವಿಗೂ ಆಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಬಿಚ್ಚಿ, ಆರು ಸಾಲು ಮಾಡಿ ಮತ್ತೆ ಹೊಲಿದೆ, ಬಳೆಯಿಲ್ಲದೆಯೇ ನಿಂತಿತು. ಈಗ ತೊಂದರೆ ಬೇರೆ: ಗೂಟಕ್ಕೆ ನೇತುಹಾಕಿದರೆ ಮತ್ತೆ ಇಳಿಯುತ್ತಿದೆ.

ಸೂಜಿದಾರ, ಕೋಲಾರ

ತಲೆಕೆಳಗಾಗಿ ನೇತುಹಾಕಿ.