ಹೊಸ ಗಣಿ ಬಂದರೆ ಊರಿನವರಿಗೆ ನಿಜವಾಗಿ ಎಂಥ ಕೆಲಸ ಸಿಗುತ್ತೆ? ಸಂಡೂರು ಕಡೆಯವರು ಹೇಳಿ

ಜೋಳದಹೊಲ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಂಡೂರು ತಾಲೂಕು. ಪಕ್ಕದ ಗುಡ್ಡದಲ್ಲಿ ಹೊಸ ಅದಿರು ಗಣಿ ಶುರುವಾಗುತ್ತಂತೆ, ಮುಂದಿನ ತಿಂಗಳು ಸಾರ್ವಜನಿಕ ಅಹವಾಲು ಸಭೆ ಇದೆ. ಮನೆಗೊಂದು ಕೆಲಸ ಕೊಡುತ್ತಾರೆ, ಸುಮ್ನೆ ಅಡ್ಡ ಬರಬೇಡಿ ಅಂತ ಊರಲ್ಲಿ ಅರ್ಧ ಜನ ಹೇಳುತ್ತಿದ್ದಾರೆ. ನನ್ನ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲೇ ಇದ್ದಾನೆ, ಹಾಗಾಗಿ ನನಗೂ ಆಸೆ ಇದೆ. ಆದರೆ 2011ರಲ್ಲಿ ಗಣಿ ನಿಂತಾಗ ಊರಿನ ಗತಿ ಏನಾಯ್ತು ಅನ್ನೋದನ್ನೂ ನೋಡಿದ್ದೇವೆ. ಕೆಲಸ ಅಂದರೆ ಯಾವ ಕೆಲಸ, ಯಾರಿಗೆ, ಎಷ್ಟು ವರ್ಷ? ಸಭೆಯಲ್ಲಿ ಏನು ಕೇಳಬೇಕು?

ಹಿಟಾಚಿ_ಆಪರೇಟರ್:
ಅಣ್ಣ, ನಾನು ಗಣಿಯಲ್ಲೇ ಕೆಲಸ ಮಾಡೋನು. ಹಿಂದಿನ ಗಣಿ ಲೆಕ್ಕ ಮನಸ್ಸಲ್ಲಿ ಇಟ್ಕೋಬೇಡಿ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲದಲ್ಲಿ ಹೆಂಗಸರು, ಮಕ್ಕಳು ಕೂಡ ಸುತ್ತಿಗೆ ಹಿಡಿದು ಕಲ್ಲು ಒಡೆದು ಕೂಲಿ ತಗೊಳ್ಳುತ್ತಿದ್ದರು. ಆ ಕೆಲಸ ಈಗ ಇಲ್ಲ, ಮಕ್ಕಳ ಕೈಗೆ ಸುತ್ತಿಗೆ ಮತ್ತೆ ಬರಲೂಬಾರದು. ಈಗ ಹಿಟಾಚಿ ನಾಲ್ಕಾರು ಬಕೆಟ್ ಹಾಕಿದರೆ ಟಿಪ್ಪರ್ ತುಂಬಿತು, ಅದು ಕ್ರಷರ್‌ಗೆ ಹೋಯ್ತು, ಅಲ್ಲಿಂದ ಸ್ಕ್ರೀನು, ಬೆಲ್ಟು. ನಮ್ಮ ಶಿಫ್ಟಿನಲ್ಲಿ ಅದಿರು ತೆಗೆಯೋ ಜಾಗದಲ್ಲಿ ನಿಂತರೆ ಕಾಣೋದು ಆಪರೇಟರ್, ಟಿಪ್ಪರ್ ಡ್ರೈವರ್‌ಗಳು, ಕೆಲಸ, ಸುರಕ್ಷತೆ ನೋಡಿಕೊಳ್ಳೋ ಒಬ್ಬ ಮೇಟ್, ಬಾವುಟ ತೋರಿಸೋ ಒಬ್ಬ ಹುಡುಗ, ನೀರು ಹೊಡೆಯೋ ಟ್ಯಾಂಕರ್‌ನವನು. ಅಷ್ಟೇ ಜನ.

ಮೇಟ್, ಬ್ಲಾಸ್ಟರ್, ಫೋರ್‌ಮನ್ ಆಗಬೇಕಾದರೆ ಗಣಿ ಸುರಕ್ಷತೆ ಇಲಾಖೆಯ, ಅಂದರೆ ಡಿಜಿಎಂಎಸ್‌ನ ಸರ್ಟಿಫಿಕೇಟ್ ಬೇಕು. ಊರಿನ ಹುಡುಗರ ಹತ್ತಿರ ಅದು ಇರಲ್ಲ, ಇದ್ದವರು ಹೊರಗಿನಿಂದ ಬರುತ್ತಾರೆ. ಊರಿನವರಿಗೆ ಉಳಿಯೋದು ಸೆಕ್ಯುರಿಟಿ, ಗಿಡ ನೆಡೋದು, ಆಫೀಸು ಗುಡಿಸೋದು. ಅದೂ ಕಂಟ್ರಾಕ್ಟರ್ ಕೈಕೆಳಗೆ. ನಿಮ್ಮ ತಮ್ಮನಿಗೆ ಮಾತ್ರ ದಾರಿ ಇದೆ, ಗಾಡಿಗಳ ವರ್ಕ್‌ಶಾಪಿಗೆ ಮೆಕ್ಯಾನಿಕಲ್ ಓದಿದವರು ಬೇಕೇ ಬೇಕು. ಸಭೆಯಲ್ಲಿ ಎಷ್ಟು ಕೆಲಸ ಅಂತ ಕೇಳಬೇಡಿ. ಕಂಪನಿ ಮಸ್ಟರ್‌ನಲ್ಲಿ ಎಷ್ಟು, ಕಂಟ್ರಾಕ್ಟರ್ ಮಸ್ಟರ್‌ನಲ್ಲಿ ಎಷ್ಟು ಅಂತ ಬೇರೆ ಬೇರೆ ಮಾಡಿ ಕೇಳಿ. ಗಣಿ ಶುರುವಾಗೋದಕ್ಕೆ ಮುಂಚೆಯೇ ನಮ್ಮ ಹುಡುಗರಿಗೆ ಟ್ರೈನಿಂಗ್ ಕೊಟ್ಟು ಪರೀಕ್ಷೆ ಕಟ್ಟಿಸುತ್ತೀರಾ ಅಂತಲೂ ಕೇಳಿ.

ಹೊಸಪೇಟೆ_ಲಾರಿ:
ಗಣಿ ಒಳಗಿನ ಕೆಲಸಕ್ಕಿಂತ ಹೊರಗಿನ ಕೆಲಸವೇ ಜಾಸ್ತಿ, ಹೊಡೆತವೂ ಅಲ್ಲೇ ಜಾಸ್ತಿ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿತು, ಒಂದೇ ತಿಂಗಳಲ್ಲಿ ಚಿತ್ರದುರ್ಗ, ತುಮಕೂರಿನದೂ ನಿಂತಿತು. ಅಕ್ರಮ ಆ ಮಟ್ಟಕ್ಕೆ ನಡೆದಿತ್ತು, ನಿಲ್ಲಿಸಿದ್ದು ಸರಿಯೇ. ಆದರೆ ಲೂಟಿ ಹೊಡೆದವರು ಬೇರೆ, ಬೀದಿಗೆ ಬಿದ್ದವರು ಬೇರೆ. ನಮ್ಮ ಮಾವ ಸಾಲ ಮಾಡಿ ಲಾರಿ ತಂದಿದ್ದರು. ಟ್ರಿಪ್ಪೇ ಇಲ್ಲದೆ ಕಂತು ಕಟ್ಟೋದು ಹೇಗೆ? ಫೈನಾನ್ಸ್‌ನವರು ಬಂದು ಎಳೆದುಕೊಂಡು ಹೋದರು. ಪಂಕ್ಚರ್ ಅಂಗಡಿ, ಗ್ಯಾರೇಜು, ಢಾಬಾ ಎಲ್ಲಾ ಬಾಗಿಲು ಹಾಕಿದವು. ಇವರ ಹೆಸರು ಯಾವ ಗಣಿಯ ರಿಜಿಸ್ಟರಿನಲ್ಲೂ ಇರಲಿಲ್ಲ, ಪರಿಹಾರ ಕೇಳೋಕೂ ಕಾಗದ ಇಲ್ಲ.

ಆಮೇಲೆ ಕೋರ್ಟ್ ಮಿತಿ ಹಾಕಿ ಗಣಿ ತೆರೆಸಿತು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ ಇದ್ದದ್ದು 2022ರ ಹೊತ್ತಿಗೆ 3.5 ಕೋಟಿ ಆಯ್ತು. ಅದಿರು ಜಾಸ್ತಿ ಆಯ್ತು ಅಂತ ಲಾರಿ ಟ್ರಿಪ್ಪೂ ಅಷ್ಟೇ ಜಾಸ್ತಿ ಆಗುತ್ತೆ ಅಂದುಕೊಳ್ಳಬೇಡಿ, ಈಗ ಕನ್ವೇಯರ್ ಬೆಲ್ಟು, ರೈಲು ಬಂದಿದೆ. ಧೂಳು ಕಮ್ಮಿ ಆಗುತ್ತೆ, ಅದು ಒಳ್ಳೇದೇ. ಆದರೆ ಗಣಿ ನಂಬಿ ಸಾಲ ಮಾಡಿ ಗಾಡಿ ತಗೋಬೇಡಿ ಅಂತ ಹುಡುಗರಿಗೆ ಹೇಳಿ. ಸರ್ಕಾರಿ ಗಣಿ ಆದರೂ ಅಷ್ಟೇ, ದೋಣಿಮಲೈ ಗಣಿಯೇ ಲೀಸ್ ಜಗಳದಲ್ಲಿ 2018ರ ನವೆಂಬರ್‌ನಿಂದ 2021ರ ಫೆಬ್ರವರಿವರೆಗೆ ನಿಂತಿತ್ತಲ್ವಾ.

ಕೋಲಾರದವಳು:
ನಾನು ಕೆಜಿಎಫ್ ಕಡೆಯವಳು. ನಮ್ಮಲ್ಲಿ ನೂರಿಪ್ಪತ್ತು ವರ್ಷ ಗಣಿ ನಡೆಯಿತು, 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಇವತ್ತಿಗೂ ಸಾವಿರಾರು ಜನ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ಅಷ್ಟು ವರ್ಷ ಗಣಿ ನಡೆದರೂ ಅದು ಬಿಟ್ಟು ಬದುಕೋಕೆ ಊರಲ್ಲಿ ಬೇರೇನೂ ಬೆಳೆಯಲಿಲ್ಲ. ಲೀಸ್ ಮುಗಿದ ಮೇಲೆ ಏನು ಅಂತ ಮೊದಲ ಸಭೆಯಲ್ಲೇ ಕೇಳಿ. ಇನ್ನೊಂದು ಮಾತು. ನಿಮ್ಮೂರಲ್ಲಿ ಕಳೆ ಕೀಳೋಕೆ, ಹತ್ತಿ ಬಿಡಿಸೋಕೆ ಹೋಗೋರು ಹೆಂಗಸರು ತಾನೆ? ಹೊಲ ಹೋದರೆ ಅವರ ಕೂಲಿ ಹೋಗುತ್ತೆ, ಗಣಿಯಲ್ಲಿ ಅವರನ್ನು ಯಾರೂ ತಗೊಳ್ಳಲ್ಲ. ಮನೆಗೊಂದು ಕೆಲಸ ಅಂತ ಲೆಕ್ಕ ಹಾಕುವಾಗ ಮನೆಯಿಂದ ಹೋದ ಕೂಲಿ ಎಷ್ಟು ಅಂತ ಯಾರಾದರೂ ಕಳೆದು ನೋಡಿದ್ದಾರಾ?

ಕಾಗದಪತ್ರ:
ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ಪರಿಸರ ವರದಿಯ ಕರಡು ಡಿಸಿ ಆಫೀಸ್, ಜಿಲ್ಲಾ ಪಂಚಾಯ್ತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಸಿಗುತ್ತೆ, ಸಾರಾಂಶ ಕನ್ನಡದಲ್ಲೂ ಇರಬೇಕು. ಎಷ್ಟು ಜನರನ್ನು ತಗೊಳ್ಳುತ್ತಾರೆ ಅನ್ನೋ ಪಟ್ಟಿ ಸಾಮಾನ್ಯವಾಗಿ ಅದರಲ್ಲೇ ಇರುತ್ತೆ, ಊರಲ್ಲಿ ಬಾಯಿಮಾತಲ್ಲಿ ಹೇಳಿದ್ದಕ್ಕೂ ಅದಕ್ಕೂ ತಾಳೆ ನೋಡಿ. ಸಭೆಯ ವಿಡಿಯೋ ಮಾಡಲೇಬೇಕು, ನಡಾವಳಿಯನ್ನು ಕೊನೆಗೆ ಕನ್ನಡದಲ್ಲಿ ಓದಿ ಹೇಳಬೇಕು. ನೀವು ಕೇಳಿದ ಪ್ರಶ್ನೆ, ಅವರು ಕೊಟ್ಟ ಉತ್ತರ ಎರಡೂ ಅದರಲ್ಲಿ ಬಂತಾ ನೋಡದೆ ಎದ್ದು ಬರಬೇಡಿ. ಆಮೇಲೆ ಜಿಲ್ಲಾ ಖನಿಜ ನಿಧಿ. ಗಣಿಯವರು ರಾಯಲ್ಟಿ ಜೊತೆ ಇದಕ್ಕೂ ಕಟ್ಟಬೇಕು, ಹರಾಜಿನಲ್ಲಿ ಪಡೆದ ಲೀಸ್ ಆದರೆ ರಾಯಲ್ಟಿಯ ಶೇ. 10. ಈ ದುಡ್ಡಲ್ಲಿ ಕೌಶಲ ತರಬೇತಿಗೂ ಅವಕಾಶ ಇದೆ. ಮೇಟ್ ಸರ್ಟಿಫಿಕೇಟ್ ಟ್ರೈನಿಂಗ್ ಬೇಕು ಅಂತ ಗ್ರಾಮಸಭೆಯಲ್ಲಿ ಈಗಲೇ ಠರಾವು ಮಾಡಿಸಿ.

ಜೋಳದಹೊಲ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಹತ್ತಿ ಬಿಡಿಸೋರ ವಿಷಯ ನಮ್ಮೂರಲ್ಲಿ ಇದುವರೆಗೆ ಒಬ್ಬರೂ ಎತ್ತಿಲ್ಲ. ಅವ್ವನ ಸ್ವಸಹಾಯ ಸಂಘದವರನ್ನೂ ಸಭೆಗೆ ಕರೆದುಕೊಂಡು ಹೋಗುತ್ತೇನೆ. ಸೋಮವಾರ ಡಿಸಿ ಆಫೀಸಿಗೆ ಹೋಗಿ ವರದಿ ನೋಡಿಕೊಂಡು ಬರುತ್ತೇನೆ, ಕೆಲಸದ ಪಟ್ಟಿ ಸಿಕ್ಕಿದರೆ ಇಲ್ಲೇ ಹಾಕುತ್ತೇನೆ. ಆಪರೇಟರ್ ಅಣ್ಣ, ಅದರಲ್ಲಿ ಯಾವುದು ಕಂಪನಿ ಕೆಲಸ, ಯಾವುದು ಕಂಟ್ರಾಕ್ಟರ್ ಕೆಲಸ ಅಂತ ನೀವೇ ನೋಡಿ ಹೇಳಬೇಕು.