ಜೀನ್‌ಎಕ್ಸ್‌ಪರ್ಟ್‌ನಲ್ಲಿ ರೆಸಿಸ್ಟೆಂಟ್, ಕಲ್ಚರ್‌ನಲ್ಲಿ ಸೆನ್ಸಿಟಿವ್: ಯಾವುದನ್ನು ನಂಬೋದು?

ಪ್ರಶ್ನೆ:
ಅಣ್ಣನಿಗೆ ಶ್ವಾಸಕೋಶದ ಟಿಬಿ. ಕಫದ ಜೀನ್‌ಎಕ್ಸ್‌ಪರ್ಟ್ ಟೆಸ್ಟ್‌ನಲ್ಲಿ ರಿಫಾಂಪಿಸಿನ್ ರೆಸಿಸ್ಟೆಂಟ್, ಅಂದರೆ ಟಿಬಿಯ ಆ ಮುಖ್ಯ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗೋದಿಲ್ಲ ಅಂತ ಬಂದು, ಡಾಕ್ಟರು ಎಂಡಿಆರ್ ಟಿಬಿಯ (ಮುಖ್ಯ ಔಷಧಗಳಿಗೆ ಬಗ್ಗದ ಟಿಬಿಯ) ಔಷಧ ಶುರು ಮಾಡಿದರು. ಈಗ ಲಿಕ್ವಿಡ್ ಕಲ್ಚರ್ ರಿಪೋರ್ಟ್ ಬಂದಿದೆ. ಅದರಲ್ಲಿ ರಿಫಾಂಪಿಸಿನ್ ಸೆನ್ಸಿಟಿವ್, ಅಂದರೆ ಔಷಧ ಕೆಲಸ ಮಾಡುತ್ತದೆ ಅಂತಿದೆ! ಈಗಿನ ಔಷಧಗಳಲ್ಲೊಂದಾದ ಲೈನೆಝೋಲಿಡ್‌ನಿಂದ ಅವನಿಗೆ ಪಾದ ಜೋಮು ಹಿಡಿಯುತ್ತಿದೆ. ಮಾಮೂಲಿ ಟಿಬಿ ಮಾತ್ರೆಗೆ ಬದಲಾಯಿಸಬಹುದಾ?

ಉತ್ತರ 1:
ಕಲ್ಚರ್‌ನಲ್ಲಿ ಜೀವಂತ ಬ್ಯಾಕ್ಟೀರಿಯಾವನ್ನೇ ಔಷಧದ ಜೊತೆ ಬೆಳೆಸಿ ನೋಡುತ್ತಾರೆ. ಅದನ್ನೇ ನಂಬಿ. ಮೊದಲನೇದು ಮೆಷಿನ್ ತಪ್ಪಿರಬೇಕು.

ಉತ್ತರ 2:
ದಯವಿಟ್ಟು ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. ನಾನು ಟಿಬಿ ಕಲ್ಚರ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಇಂಥ ಜೋಡಿ ರಿಪೋರ್ಟ್ ನೋಡಿದಾಗಲೆಲ್ಲ ನನಗೆ ಭಯ ಆಗೋದು ಆ 'ಸೆನ್ಸಿಟಿವ್' ನೋಡಿಯೇ.

ಜೀನ್‌ಎಕ್ಸ್‌ಪರ್ಟ್ ನೋಡೋದು ಬ್ಯಾಕ್ಟೀರಿಯಾದ ಆರ್‌ಪಿಒಬಿ (rpoB) ಅನ್ನೋ ಜೀನ್‌ನ 81 ಡಿಎನ್‌ಎ ಅಕ್ಷರಗಳ ಒಂದು ತುಂಡನ್ನು. ರಿಫಾಂಪಿಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನ ಬದಲಾವಣೆ ಅಲ್ಲೇ ಇರುತ್ತದೆ. ಲಿಕ್ವಿಡ್ ಕಲ್ಚರ್‌ನಲ್ಲಿ ಎರಡು ಟ್ಯೂಬ್: ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಇಲ್ಲ. ಔಷಧವಿಲ್ಲದ ಟ್ಯೂಬ್‌ಗೆ ಬ್ಯಾಕ್ಟೀರಿಯಾವನ್ನು ನೂರು ಪಟ್ಟು ತೆಳು ಮಾಡಿ ಹಾಕುತ್ತೇವೆ. ಅದು ಮೊದಲೇ ಗೊತ್ತುಮಾಡಿದ ಮಟ್ಟಕ್ಕೆ ಬೆಳೆದಾಗ ಮೆಷಿನ್ ಔಷಧದ ಟ್ಯೂಬನ್ನು ನೋಡಿ ಉತ್ತರ ಕೊಟ್ಟುಬಿಡುತ್ತದೆ. ಟಿಬಿ ಬ್ಯಾಕ್ಟೀರಿಯಾ ಒಂದು ಎರಡಾಗೋಕೆ ಸುಮಾರು 18 ರಿಂದ 24 ಗಂಟೆ ಬೇಕು. ಕೆಲವು ಬದಲಾವಣೆ ಇರುವ ಬ್ಯಾಕ್ಟೀರಿಯಾ ಇನ್ನೂ ನಿಧಾನ. ಔಷಧದ ನಡುವೆಯೂ ಅದು ಬೆಳೆಯುತ್ತಲೇ ಇರುತ್ತದೆ, ಆದರೆ ಮೆಷಿನ್ ನೋಡುವ ಹೊತ್ತಿಗೆ ಇನ್ನೂ ಸಾಕಷ್ಟು ಬೆಳೆದಿರುವುದಿಲ್ಲ. ರಿಪೋರ್ಟ್ ಸೆನ್ಸಿಟಿವ್ ಅಂತ ಬರುತ್ತದೆ. ಮನುಷ್ಯನ ದೇಹದಲ್ಲಿ ಮಾತ್ರ ಚಿಕಿತ್ಸೆ ಸೋಲಬಹುದು.

ಇದೇ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021 ರಲ್ಲಿ ಈ ಟೆಸ್ಟ್‌ಗೆ ಹಾಕುವ ರಿಫಾಂಪಿಸಿನ್ ಪ್ರಮಾಣವನ್ನು ಮಿಲಿಲೀಟರಿಗೆ 1 ಮೈಕ್ರೋಗ್ರಾಂನಿಂದ 0.5 ಕ್ಕೆ ಇಳಿಸಿತು. ಆದರೂ ಕೆಲವು ತಪ್ಪಿಸಿಕೊಳ್ಳುತ್ತವೆ.

ಜೀನ್‌ಎಕ್ಸ್‌ಪರ್ಟ್ ಕೂಡ ತಪ್ಪಬಹುದು, ನಿಜ. ಜೀನ್‌ನಲ್ಲಿ ಅಕ್ಷರ ಬದಲಾಗಿದ್ದರೂ ಅದರಿಂದಾಗುವ ಪ್ರೋಟೀನ್ ಹಾಗೇ ಉಳಿಯುವುದುಂಟು, ಆಗ ಔಷಧ ಕೆಲಸ ಮಾಡಿದರೂ ರೆಸಿಸ್ಟೆಂಟ್ ಅಂತ ಬರಬಹುದು. ಕಫದಲ್ಲಿ ಬ್ಯಾಕ್ಟೀರಿಯಾ ತೀರಾ ಕಡಿಮೆ ಇದ್ದಾಗಲೂ ಹೀಗಾಗುತ್ತದೆ. ರಿಪೋರ್ಟ್‌ನಲ್ಲಿ 'ವೆರಿ ಲೋ' ಅಂತ ಇದೆಯಾ?

ಪ್ರಶ್ನೆ ಕೇಳಿದವರು:
ಇಲ್ಲ, 'ಮೀಡಿಯಂ' ಅಂತಿದೆ. ಅವನು ಹಿಂದೆ ಒಮ್ಮೆ ಟಿಬಿ ಮಾತ್ರೆ ಅರ್ಧಕ್ಕೇ ಬಿಟ್ಟಿದ್ದ.

ಉತ್ತರ 2:
ಹಾಗಾದರೆ ಬ್ಯಾಕ್ಟೀರಿಯಾ ಸಾಕಷ್ಟಿತ್ತು, ಮಾತ್ರೆ ಅರ್ಧಕ್ಕೆ ಬಿಟ್ಟವರಲ್ಲಿ ಔಷಧಕ್ಕೆ ಬಗ್ಗದ ಟಿಬಿ ಬರುವುದೂ ಹೆಚ್ಚು. ರೆಸಿಸ್ಟೆಂಟ್ ಅನ್ನೋದನ್ನೇ ಇನ್ನೂ ಗಟ್ಟಿಯಾಗಿ ಹಿಡಿಯಬೇಕು. ಆರ್‌ಪಿಒಬಿ ಸೀಕ್ವೆನ್ಸಿಂಗ್ ಮಾಡಿಸೋಕೆ ಸಾಧ್ಯವಾ ಅಂತ ಡಾಕ್ಟರನ್ನು ಕೇಳಿ. ಯಾವ ಅಕ್ಷರ ಬದಲಾಗಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಬೆಳೆಸಿದ ಕಲ್ಚರ್ ಎಸೆಯಬೇಡಿ ಅಂತ ಲ್ಯಾಬ್‌ಗೆ ಇವತ್ತೇ ಹೇಳಿಸಿ, ಅದರಿಂದಲೇ ಸೀಕ್ವೆನ್ಸಿಂಗ್ ಮಾಡಬಹುದು. ಪಾದದ ಜೋಮು ಬೇರೆ ವಿಷಯ, ಅದಕ್ಕೆ ಕಾಯಬೇಡಿ. ಲೈನೆಝೋಲಿಡ್ ನರಕ್ಕೆ ತೊಂದರೆ ಕೊಡುತ್ತದೆ, ಡೋಸ್ ಇಳಿಸೋದಾ ನಿಲ್ಲಿಸೋದಾ ಅಂತ ಡಾಕ್ಟರು ನೋಡುತ್ತಾರೆ. ನೀವಾಗಿಯೇ ಯಾವ ಮಾತ್ರೆಯನ್ನೂ ಬಿಡಿಸಬೇಡಿ.